ಅಳತೆ ಬಳೆ

ಗುರುವಾರ ಬೆಳಿಗ್ಗೆ ಕಡೂರಿನಿಂದ ಫೋನ್ ಬಂತು. ಭಾನುವಾರ ವೀಳ್ಯ ಬದಲಾಯಿಸುವುದೆಂದು ಗೊತ್ತಾಗಿತ್ತು. ಹುಡುಗಿಗೆ ಬಳೆ ತೊಡಿಸಬೇಕು, ಕೈಯಳತೆಗೆ ಒಂದು ಹಳೆಯ ಬಳೆ ಕಳಿಸಿ ಎಂದರು ಗಂಡಿನವರು. ಓಬಮ್ಮ ಸಡಗರದಿಂದ ಟ್ರಂಕು ತೆಗೆದಳು. ಸತ್ತ ಗಂಡ ಉಗ್ರಪ್ಪನ ಖಾಕಿ ಅಂಗಿಯ ಕೆಳಗೆ, ಕರ್ಚೀಫಿನಲ್ಲಿ ಸುತ್ತಿಟ್ಟ ಒಂದು ಗಾಜಿನ ಬಳೆ ಸಿಕ್ಕಿತು. ಮಗಳು ಹೇಮಶ್ರೀ ಕಾಲೇಜಿಗೆ ಹೋಗುತ್ತಿದ್ದಾಗ ತೊಡುತ್ತಿದ್ದ ಬಳೆ. ಮಗ ವಿಜಯ್ ಅದನ್ನು ಜೇಬಿಗೆ ಹಾಕಿಕೊಂಡು ಬೀರೂರಿನಿಂದ ಕಡೂರಿಗೆ ಬಸ್ಸು ಹತ್ತಿದ.

ಆ ಹೊತ್ತಿಗೆ ಹೇಮಶ್ರೀ ಬೀರೂರಿಗೂ ಅಜ್ಜಂಪುರಕ್ಕೂ ನಡುವಿನ ರೈಲು ಹಳಿಯ ಮೇಲೆ ಸುತ್ತಿಗೆ ಹಿಡಿದು ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕೈ ಅವಳದು, ಅಳತೆ ಕೇಳಿದ್ದು ಟ್ರಂಕನ್ನು. ಈ ಮದುವೆಯ ಮಾತು ಮೊದಲಿನಿಂದಲೂ ಹೀಗೇ ನಡೆದಿತ್ತು.

ಹಳಿ ರಿಪೇರಿಯ ಗ್ಯಾಂಗಿನ ಕೆಲಸ ಎಂದರೆ ಜನಕ್ಕೆ ಕಾಣುವುದು ಸಂಬಳ, ಪಾಸು, ಕ್ವಾರ್ಟರ್ಸು. ಅದು ಮೈಯನ್ನು ಏನು ಮಾಡುತ್ತದೆ ಎಂದು ಯಾರಿಗೂ ಬೇಕಿಲ್ಲ. ಬೆಳಿಗ್ಗೆ ಏಳೂವರೆಗೆ ಹಾಜರಿ. ಕಿತ್ತಳೆ ಬಣ್ಣದ ಜಾಕೆಟ್ಟು. ಹೆಗಲ ಮೇಲೆ ಹಾರೆ, ಕೈಯಲ್ಲಿ ಸುತ್ತಿಗೆ. ಹಳಿಯನ್ನು ಅಡಿಯ ಸಿಮೆಂಟಿನ ಅಡ್ಡದಿಮ್ಮಿಗೆ, ಸ್ಲೀಪರಿಗೆ, ಕಚ್ಚಿ ಹಿಡಿಯುವುದು ಕಬ್ಬಿಣದ ಕ್ಲಿಪ್ಪು. ರೈಲು ಓಡಿದಂತೆಲ್ಲ ಅದು ಸಡಿಲವಾಗುತ್ತದೆ. ಬಡಿಯಬೇಕು. ಒಂದಾದ ಮೇಲೆ ಇನ್ನೊಂದು, ಬಗ್ಗಿದ ಬೆನ್ನು ಎತ್ತದೆ ಬಡಿಯಬೇಕು. ಸ್ಲೀಪರಿನ ಅಡಿಯಲ್ಲಿ ಜಲ್ಲಿ ಕುಸಿದಿದ್ದರೆ ಹಾರೆಯಿಂದ ನೂಕಿ ನೂಕಿ ತುಂಬಬೇಕು. ಏಪ್ರಿಲ್ ಬಿಸಿಲಿಗೆ ಹಳಿಗೆ ಕೈ ತಾಗಿದರೆ ಚರ್ಮ ಸುಲಿಯುತ್ತದೆ. ಮುಟ್ಟಾದ ದಿನವೂ ಅದೇ ಬಯಲು, ಅದೇ ಹಾರೆ.

ಮೊದಲ ವರ್ಷ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ನೀರು ಸುರಿಯಿತು. ಎರಡನೆಯ ವರ್ಷ ದಡ್ಡುಗಟ್ಟಿತು. ಆಮೇಲೆ ಗೆಣ್ಣುಗಳು ಒಂದೊಂದಾಗಿ ದಪ್ಪವಾದವು. ಒಮ್ಮೆ ಹಾರೆ ಜಾರಿ ಬಲಗೈ ಹೆಬ್ಬೆರಳಿನ ಬುಡದ ಮೂಳೆ ಬಿರಿಯಿತು. ಅದು ಕೂಡಿಕೊಂಡಿತು, ಆದರೆ ಉಬ್ಬು ಹಾಗೇ ಉಳಿಯಿತು. ಒಟ್ಟು ಒಂಬತ್ತು ವರ್ಷ.

ಉಗ್ರಪ್ಪನೂ ಇದೇ ಗ್ಯಾಂಗಿನಲ್ಲಿದ್ದವನು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿದ. ಅನುಕಂಪದ ಮೇಲೆ ಮನೆಯ ಒಬ್ಬರಿಗೆ ಕೆಲಸ ಕೊಡುತ್ತಾರೆ ಎಂದಾಗ ವಿಜಯ್‌ಗೆ ಹದಿನಾರು, ವಯಸ್ಸು ಸಾಲದು. ಓಬಮ್ಮನಿಗೆ ಅಕ್ಷರ ಬಾರದು. ಹೇಮಶ್ರೀಗೆ ಇಪ್ಪತ್ತು, ಬಿ.ಎ. ಎರಡನೆಯ ವರ್ಷ. “ನಿನ್ ತಮ್ಮ ಒಂದ್ ದಡ ಸೇರೋಗಂಟ ಕಣವ್ವ” ಎಂದು ತಾಯಿ ಸೆರಗೊಡ್ಡಿದಳು. ತಾಯಿಯನ್ನೂ ತಮ್ಮನನ್ನೂ ಸಾಕುತ್ತೇನೆ ಎಂದು ಹೇಮಶ್ರೀ ಛಾಪಾ ಕಾಗದದಲ್ಲಿ ಬರೆದುಕೊಟ್ಟಳು. ಬರೆದಂತೆ ಸಾಕಿದಳು. ತಮ್ಮ ಎಂ.ಎ. ಮಾಡಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದ. ಅವನ ಕೈ ಸೀಮೆಸುಣ್ಣಕ್ಕಿಂತ ಭಾರದ್ದೇನನ್ನೂ ಎತ್ತಲಿಲ್ಲ. ಅದಕ್ಕೆ ಅವಳಿಗೆ ಹೊಟ್ಟೆಕಿಚ್ಚಿರಲಿಲ್ಲ. ಹೆಮ್ಮೆಯಿತ್ತು, ಅದೇ ಅವಳನ್ನು ಕೆಡಿಸಿದ್ದು.

ವಿಜಯ್ ಕಾಲೇಜಿನ ದಿನಗಳಿಂದ ಪ್ರೀತಿಸಿದ್ದು ಪ್ರಜ್ಞಾಳನ್ನು. ಒಂದೇ ಜಾತಿ, ಎರಡೂ ಮನೆಯವರ ಅಜ್ಜಂದಿರು ಒಂದೇ ಕೇರಿಯಲ್ಲಿ ಹುಟ್ಟಿದವರು. ಆದರೆ ಅವಳ ಅಪ್ಪ ಕನಕರಾಜು ಅಧಿಕಾರಿಯಾಗಿ ನಿವೃತ್ತನಾಗಿದ್ದ. ಕಡೂರಿನ ಹೊಸ ಬಡಾವಣೆಯಲ್ಲಿ ಎರಡಂತಸ್ತಿನ ಮನೆ. ಹಾಲ್‌ನಲ್ಲಿ ಬುದ್ಧನ ವಿಗ್ರಹ, ಗೋಡೆಯ ಮೇಲೆ ಬಾಬಾಸಾಹೇಬರ ಆಳೆತ್ತರದ ಪಟ. ಏಪ್ರಿಲ್ ಹದಿನಾಲ್ಕಕ್ಕೆ ವೇದಿಕೆ ಹತ್ತಿ ಹೆಣ್ಣುಮಕ್ಕಳ ಸ್ವಾತಂತ್ರ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುವ ಮನುಷ್ಯ. ಮೊದಲ ಸಲ ವಿಜಯ್ ಹೆಣ್ಣು ಕೇಳಲು ಹೋದಾಗ ಅವನನ್ನು ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, “ಗ್ಯಾಂಗ್‌ಮನ್ ಮಗ ಅಲ್ವೇನಪ್ಪಾ ನೀನು?” ಎಂದು ಕೇಳಿ ಹಾಗೇ ಕಳಿಸಿದ. ಎರಡನೆಯ ಸಲ ತಾನೇ ಕರೆಸಿ ಒಳಗೆ ಕೂರಿಸಿ ಕಾಫಿ ಕೊಟ್ಟ.

ಆ ಕಾಫಿಯ ಹಿಂದೆ ಅವನ ಹಿರಿಮಗ ರುದ್ರಮೂರ್ತಿ ಇದ್ದ. ಮೂವತ್ತೆಂಟು ವರ್ಷ. ಯಾವ ಕೆಲಸದಲ್ಲೂ ಮೂರು ತಿಂಗಳು ನಿಂತವನಲ್ಲ. ಕಟ್ಟಿಕೊಂಡವಳು ಅವನ ಏಟು ತಾಳಲಾರದೆ ತವರಿಗೆ ಹೋಗಿ ವಿಚ್ಛೇದನ ತೆಗೆದುಕೊಂಡಿದ್ದಳು.

“ಸಾಟಿ ಮಾಡ್ಕೊಳ್ಳಾಣ ಕಣಪ್ಪಾ” ಎಂದ ಕನಕರಾಜು. “ನನ್ ಮಗಳನ್ನ ನೀನ್ ತಗೋ. ನಿಮ್ಮಕ್ಕನ್ನ ನನ್ ಮಗನಿಗೆ ಕೊಡು. ಸೆಂಟ್ರಲ್ ಗೌರ್ಮೆಂಟ್ ಕೆಲ್ಸ, ಇವನ್ನೂ ಒಂದ್ ದಾರಿಗೆ ತತ್ತಾಳೆ.”

ಹೆಣ್ಣು ಕೊಟ್ಟು ಹೆಣ್ಣು ತರುವುದು ಹಿಂದೆ ಗತಿಯಿಲ್ಲದವರು ಮಾಡುತ್ತಿದ್ದುದು. ಅದನ್ನು ಎರಡಂತಸ್ತಿನ ಮನೆಯವನು ಹುಡುಕಿ ತೆಗೆದಿದ್ದ. ಗ್ಯಾಂಗಿನವಳ ತಮ್ಮ ಅಳಿಯನಾಗಲು ಯೋಗ್ಯನಲ್ಲ, ಆದರೆ ಗ್ಯಾಂಗಿನವಳ ಸಂಬಳ ಸೊಸೆಯಾಗಲು ಅಡ್ಡಿಯಿಲ್ಲ! ವಿಜಯ್ ಕಾಫಿ ಕುಡಿದು, ಆಗಲಿ ಎಂದು ಬಂದ.

ಹೇಮಶ್ರೀಗೆ ಸಿದ್ದೇಶ ಇದ್ದ. ಅಮೃತಾಪುರದ ಕಡೆಯವನು, ವ್ಯಾಗನ್ನಿನಿಂದ ಜಲ್ಲಿ ಇಳಿಸುವ ಗುತ್ತಿಗೆಯ ಕೂಲಿ. ಒಂದು ತಿಂಗಳು ತರೀಕೆರೆಯಲ್ಲಿ, ಒಂದು ತಿಂಗಳು ಅಜ್ಜಂಪುರದಲ್ಲಿ, ಆಮೇಲೆ ಎರಡು ತಿಂಗಳು ಎಲ್ಲೂ ಇಲ್ಲ. ಮೂರು ವರ್ಷದ ಹಿಂದೆ ಅವಳ ಹೆಬ್ಬೆರಳಿನ ಮೂಳೆ ಬಿರಿದ ದಿನ, ತಲೆಗೆ ಸುತ್ತಿದ್ದ ಟವೆಲ್ಲು ಹರಿದು ಕಟ್ಟಿ, ಯಾರದೋ ಬೈಕು ಕೇಳಿಕೊಂಡು ಬೀರೂರಿನ ಆಸ್ಪತ್ರೆಗೆ ಕರೆದೊಯ್ದವನು ಅವನೇ. ಅಂದಿನಿಂದ ಸಿಕ್ಕಾಗಲೆಲ್ಲ ಮೊದಲು “ತೋರ್ಸು” ಎನ್ನುತ್ತಿದ್ದ. ಅವಳು ಕೈ ಚಾಚುತ್ತಿದ್ದಳು. ಉಬ್ಬಿದ ಮೂಳೆಯನ್ನು ಮೆಲ್ಲಗೆ ಒತ್ತಿ, “ಇನ್ನೂ ನೋಯ್ತದಾ?” ಎಂದು ಕೇಳುತ್ತಿದ್ದ. ಅವರ ಪ್ರೀತಿ ಎಂದರೆ ಬಹುಮಟ್ಟಿಗೆ ಇಷ್ಟೇ. ಅವಳಿಗೆ ಇದಕ್ಕಿಂತ ಹೆಚ್ಚಿನದು ಬೇಕೆನಿಸಿರಲಿಲ್ಲ.

ಸಿದ್ದೇಶನ ವಿಷಯ ಅವಳು ತಾಯಿಗೆ ಹೇಳಿಯೂ ಇದ್ದಳು. “ಪರ್ಮನೆಂಟ್ ನೌಕ್ರಿಯೋಳು ಕೂಲಿಯೋನ್ನ ಕಟ್ಕಂತಾಳಾ?” ಎಂದು ಓಬಮ್ಮ ಮುಖ ತಿರುಗಿಸಿದ್ದಳು. ಮೂವತ್ತು ವರ್ಷ ಗ್ಯಾಂಗ್‌ಮನ್ನನ ಹೆಂಡತಿ ಎನಿಸಿಕೊಂಡವಳಿಗೆ, ಒಮ್ಮೆಯಾದರೂ ಆಫೀಸರ ಬೀಗಿತಿ ಎನಿಸಿಕೊಳ್ಳುವ ಆಸೆ. ಅದು ತಪ್ಪೆಂದು ಹೇಳಲು ಹೇಮಶ್ರೀಗೆ ಬಾಯಿ ಬರಲಿಲ್ಲ.

ಗುರುವಾರ ಸಂಜೆ ಅವಳು ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅಳತೆ ಬಳೆ ಹೋದ ಸುದ್ದಿ ತಿಳಿಯಿತು.

“ನಾನ್ ಒಲ್ಲೆ ಅಂತ ಹೇಳಿದ್ನಲ್ಲ” ಎಂದಳು.

ವಿಜಯ್ ಬಂದು ಬಚ್ಚಲ ಬಾಗಿಲಲ್ಲೇ ಅವಳ ಕಾಲು ಹಿಡಿದ. “ಅಕ್ಕಾ, ಈ ತಿಂಗ್ಳು ಆಗ್ಲಿಲ್ಲಾಂದ್ರೆ ಪ್ರಜ್ಞಾನ ಬೇರೆ ಕಡೆ ಕೊಡ್ತಾರೆ. ನಾನ್ ಬದುಕಲ್ಲ.”

“ನನ್ ಬದುಕೇನೋ?”

ಅವನು ತಲೆಯೆತ್ತದೆ ಹೇಳಿದ: “ಕಡೂರ್ ಮಾವ ಹೇಳ್ತಿದ್ರು. ನೀನು ಬಾಂಡ್ ಬರ್ಕೊಟ್ಟಿದ್ದೀಯಂತೆ. ಮನೆಯೋರ್ನ ಬಿಟ್ಟು ಯಾರನ್ನೋ ಕಟ್ಕೊಂಡ್ ಹೋದ್ರೆ, ಅವ್ವನ ಕೈಲಿ ಒಂದ್ ಅರ್ಜಿ ಹಾಕ್ಸಿದ್ರೂ ನಿನ್ ಕೆಲ್ಸಕ್ಕೆ ತೊಂದ್ರೆ ಅಂತೆ.”

ಓಬಮ್ಮ ಒಲೆಯ ಮುಂದೆ ಕೂತಿದ್ದಳು. ಅಂಥ ಅರ್ಜಿ ನಾನು ಹಾಕುವುದಿಲ್ಲ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಸಾರಿಗೆ ಉಪ್ಪು ಹಾಕಿದಳು. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ, ಸಿದ್ದೇಶನ ಕೂಲಿಯಲ್ಲಿ ಎರಡು ಮನೆ ನಡೆಯುವುದಿಲ್ಲ. ಯಾವ ಕಡೆ ತಿರುಗಿದರೂ ಗೋಡೆ. ಗೋಡೆ ಕಟ್ಟಿದವರು ಎದುರಿಗೇ ಕೂತು, ಉಣ್ಣು ಬಾ ಎಂದು ಕರೆಯುತ್ತಿದ್ದರು.

ಶನಿವಾರ ಊಟದ ಹೊತ್ತಿನಲ್ಲಿ ಅವಳು ಅಜ್ಜಂಪುರದ ಕಡೆಯ ಜಲ್ಲಿ ರಾಶಿಯ ಹತ್ತಿರ ಸಿದ್ದೇಶನನ್ನು ಕಂಡಳು. ಎಲ್ಲ ಹೇಳಿದಳು.

“ಕರ್ಕೊಂಡ್ ಹೋಗು” ಎಂದಳು.

“ಎಲ್ಲಿಗೆ?” ಎಂದ. “ನಿನ್ ಕೆಲ್ಸ ಇಲ್ಲೇ ಐತೆ. ನಾನ್ ಬಾಯ್ ತೆಗದ್ರೆ ಸಂಬಳಕ್ಕೆ ಬಿದ್ದ ಅಂತಾರೆ ಕಣೇ. ನಾನ್ ಎಲ್ಲೂ ಹೋಗಲ್ಲ, ಇಲ್ಲೇ ಇರ್ತೀನಿ. ಬ್ಯಾಡ ಅನ್ನೋ ಮಾತು ಮಾತ್ರ ನೀನೇ ಆಡ್ಬೇಕು.”

ಅವಳಿಗೆ ಅವನ ಮೇಲೂ ಸಿಟ್ಟು ಬಂತು. ಅವನು ಹೇಳಿದ್ದು ನಿಜವಾದ್ದರಿಂದ ಇನ್ನೂ ಹೆಚ್ಚು ಬಂತು.

ಭಾನುವಾರ ಹತ್ತು ಗಂಟೆಗೆ ಅವರು ಕಡೂರಿನ ಆ ಮನೆಯ ಮುಂದೆ ಆಟೋ ಇಳಿದರು. ಕನಕರಾಜು ಗೇಟಿನಲ್ಲೇ ಓಬಮ್ಮನನ್ನು ತಡೆದು, ದನಿ ತಗ್ಗಿಸಿ ಹೇಳಿದ: “ನೋಡಮ್ಮ, ನೆಂಟರೆಲ್ಲ ಬಂದವ್ರೆ. ಗ್ಯಾಂಗು ಗೀಂಗು ಅನ್ನಕ್ಕೆ ಹೋಗ್ಬೇಡಿ. ರೈಲ್ವೇಲಿ ಆಫೀಸ್ ಕೆಲ್ಸ ಅಂತ ಹೇಳಿದ್ದೀನಿ.” ಓಬಮ್ಮ ಕೈಮುಗಿದು ಆಯ್ತು ಎಂದಳು. ಗಂಡ ಜೀವ ಬಿಟ್ಟ ಕೆಲಸ, ಮಗಳು ಜೀವ ತೇಯುವ ಕೆಲಸ. ಗೇಟಿನ ಹೊರಗೆ ಚಪ್ಪಲಿಯ ಜೊತೆ ಅದನ್ನೂ ಬಿಟ್ಟು ಒಳಗೆ ಹೋದಳು.

ಹಾಲ್‌ನಲ್ಲಿ ಜಮಖಾನೆ ಹಾಸಿತ್ತು. ಎರಡು ಮಣೆ ಹಾಕಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಒಂದರ ಮೇಲೆ ಪ್ರಜ್ಞಾ, ಇನ್ನೊಂದರ ಮೇಲೆ ಹೇಮಶ್ರೀ. ಎದುರಿನ ಸೋಫಾದಲ್ಲಿ ರುದ್ರಮೂರ್ತಿ ಬಿಳಿ ಅಂಗಿ ತೊಟ್ಟು ಕಾಲು ಅಲ್ಲಾಡಿಸುತ್ತ ಫೋನು ನೋಡುತ್ತಿದ್ದ. ಬುದ್ಧನ ವಿಗ್ರಹಕ್ಕೆ ಮಲ್ಲಿಗೆ ಹಾರ ಹಾಕಿದ್ದರು. ಕನಕರಾಜು ನೆಂಟರಿಗೆ, ವರದಕ್ಷಿಣೆ ಇಲ್ಲದ ಆದರ್ಶ ಮದುವೆ ಇದು ಎಂದು ವಿವರಿಸುತ್ತಿದ್ದ.

ಮೊದಲು ಓಬಮ್ಮ ಪ್ರಜ್ಞಾಳಿಗೆ ಬಳೆ ತೊಡಿಸಿದಳು. ಡಜನ್ ಹಸಿರು ಬಳೆ ಆ ಮೆತ್ತಗಿನ ಕೈಗೆ ಗಲಗಲ ಇಳಿದವು. ಹೆಂಗಸರು ಚೆಂದ ಎಂದರು. ಆಮೇಲೆ ಕನಕರಾಜುವಿನ ಹೆಂಡತಿ ತೀರ್ಥಮ್ಮ ಹೇಮಶ್ರೀಯ ಮುಂದೆ ಕೂತು, ಅವಳ ಬಲಗೈ ಎಳೆದುಕೊಂಡು ಬಳೆ ಇಟ್ಟಳು.

ಬಳೆ ಗೆಣ್ಣು ದಾಟಲಿಲ್ಲ.

ತೀರ್ಥಮ್ಮ ತಿರುಗಿಸಿ ನೂಕಿದಳು. ಬೆರಳುಗಳನ್ನು ಒಟ್ಟುಮಾಡಿ ಹಿಂಡಿ ನೂಕಿದಳು. ಬಳೆ ಅಲ್ಲೇ ಕಚ್ಚಿ ನಿಂತಿತು. “ಸೋಪು ತಗೊಂಬರ್ರೇ” ಎಂದಳು. ಸೋಪಿನ ನೀರು ಬಂತು. ಕೈಗೆಲ್ಲ ಸವರಿದರು. ಇನ್ನೊಬ್ಬ ಹೆಂಗಸು ಹಿಂದಿನಿಂದ ಮೊಣಕೈ ಅದುಮಿ ಹಿಡಿದಳು. ತೀರ್ಥಮ್ಮ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಒತ್ತಿದಳು. ಹಾರೆ ಜಾರಿ ಬಿರಿದಿದ್ದ ಮೂಳೆ ಅದೇ. ನೋವು ಭುಜದವರೆಗೆ ಏರಿತು. ಬಳೆ ಟಪ್ಪೆಂದು ಒಡೆಯಿತು. ಎರಡನೆಯದೂ ಒಡೆಯಿತು. ಗಾಜು ಉಬ್ಬಿದ ಮೂಳೆಯ ಮೇಲೆ ಗೀರಿ, ರಕ್ತ ತಟ್ಟೆಯ ವೀಳ್ಯದೆಲೆಯ ಮೇಲೆ ತೊಟ್ಟಿಕ್ಕಿತು.

“ಏನಮ್ಮ ಇದು, ಗಂಡಸಿನ್ ಕೈ ಇದ್ದಂಗೈತೆ” ಎಂದಳು ತೀರ್ಥಮ್ಮ. ನೆಂಟರಲ್ಲಿ ಯಾರೋ, ಆಫೀಸಲ್ಲಿ ಕೂತವರ ಕೈ ಹೀಗಿರುತ್ತಾ ಎಂದರು. ಸೋಫಾದಿಂದ ನಗು ಬಂತು. “ನೂಕವ್ವೋ, ಇನ್ನೊಂದ್ ಸಲ ನೂಕು. ಹೋಗ್ತದೆ” ಎಂದ ರುದ್ರಮೂರ್ತಿ.

ಕನಕರಾಜುವಿನ ಮುಖ ಕೆಂಪಾಯಿತು. “ಅಳತೆ ಬಳೆ ಕೊಟ್ಟೋರ್ ಯಾರ್ರೀ?”

“ಅದು ಅವಳ್ದೇ ಬಳೆ ಸಾಮಿ” ಎಂದಳು ಓಬಮ್ಮ. “ನಾನೇ ಕೊಟ್ಟಿದ್ದು. ಅವಳ್ ಕೈ ಅಷ್ಟೇ ಇತ್ತು.”

ಹೇಳುತ್ತ ಹೇಳುತ್ತ ಅವಳು ಮಗಳ ಕೈ ನೋಡಿದಳು. ಒಂಬತ್ತು ವರ್ಷದಿಂದ ಅದೇ ಕೈ ಮನೆಗೆ ಅಕ್ಕಿ ತಂದಿತ್ತು. ತಟ್ಟೆಗೆ ಚಾಚಿದಾಗ ಅದೇ ಕೈಗೆ ಅವಳು ಮುದ್ದೆ ಬಡಿಸಿದ್ದಳು. ಆದರೂ ಆಗ ಮೊದಲ ಸಲ ಕಂಡಂತೆ ನೋಡಿದಳು. ಹೇಮಶ್ರೀ ತಾಯಿಯ ಆ ನೋಟ ನೋಡಿದಳು. ತಮ್ಮನ ಕಡೆ ತಿರುಗಿದಳು. ವಿಜಯ್ ಜಮಖಾನೆಯ ಹೂವಿನ ಗೆರೆಯನ್ನು ನೋಡುತ್ತ ಕೂತಿದ್ದ. ಗಾಜು ಗೀರಿದ್ದಕ್ಕಿಂತ ಅದು ಅವಳನ್ನು ಹೆಚ್ಚು ನೋಯಿಸಿತು.

“ಅಪ್ಪಾ, ಅಕ್ಕನ್ನ ಬಿಡಿ ಸಾಕು” ಎಂದಳು ಪ್ರಜ್ಞಾ, ಪಕ್ಕದ ಮಣೆಯಿಂದ.

“ನೀನ್ ಬಾಯ್ ಮುಚ್ಕೊಂಡ್ ಕೂತ್ಕೊ” ಎಂದ ಕನಕರಾಜು. “ಇನ್ನೊಂದ್ ಸ್ವಲ್ಪ ಸೋಪ್ ಹಚ್ಚಿ. ಗಳಿಗೆ ಮೀರ್ತದೆ.”

ತೀರ್ಥಮ್ಮ ಮೂರನೆಯ ಬಳೆ ಎತ್ತಿಕೊಂಡಳು. ಹಿಂದಿನವಳು ಮೊಣಕೈ ಬಿಗಿ ಹಿಡಿದಳು. ಆಗ ಹೇಮಶ್ರೀ ಕೈ ಎಳೆದುಕೊಂಡಳು. ಜೋರಾಗಿಯೇನೂ ಎಳೆಯಲಿಲ್ಲ. ಸುತ್ತಿಗೆ ಎತ್ತಿ ಎತ್ತಿ ಬಲಿತ ತೋಳದು. ಹಿಡಿದಿದ್ದ ಇಬ್ಬರೂ ಹೆಂಗಸರು ಮುಗ್ಗರಿಸಿ ಮುಂದೆ ಬಂದರು. ಅವಳು ಎದ್ದು ನಿಂತಳು.

“ನಾನ್ ಆಫೀಸಲ್ಲಿಲ್ಲ” ಎಂದಳು, ನೆಂಟರ ಕಡೆ ನೋಡಿ. “ಗ್ಯಾಂಗಲ್ಲಿದ್ದೀನಿ. ಬೀರೂರು ಗ್ಯಾಂಗು. ಹಳಿ ಮೇಲೆ ಕ್ಲಿಪ್ ಬಡಿತೀನಿ. ಅದ್ಕೇ ಕೈ ಹಿಂಗೈತೆ. ಈ ಕೈ ನಿಮ್ ಬಳೆಗೆ ಹಿಡಿಯಲ್ಲ, ಸಂಬಳ ಮಾತ್ರ ನಿಮ್ಗೆ ಹಿಡಿಸ್ತು. ಅಲ್ವಾ ಸಾರ್?”

“ಏಯ್!” ಕನಕರಾಜು ಎದ್ದ. “ಬಾಂಡ್ ಬರ್ಕೊಟ್ಟಿದ್ದು ಮರ್ತೋಯ್ತಾ? ನಾಳೆನೇ ಅರ್ಜಿ ಬರ್ಸ್ತೀನಿ. ಯಾವ ಕೈಲಿ ಸಂಬಳ ತಗೋತೀಯ ನೋಡ್ತೀನಿ.”

“ಅನ್ನ ಹಾಕ್ತೀನಿ ಅಂತ ಬರ್ಕೊಟ್ಟಿದ್ದೀನಿ. ಹಾಕಿದ್ದೀನಿ. ನಾಳೆನೂ ಹಾಕ್ತೀನಿ. ನನ್ನನ್ನೇ ಕೊಡ್ತೀನಿ ಅಂತ ಎಲ್ಲೂ ಬರ್ದಿಲ್ಲ.” ಅವಳು ಒಡೆದ ಬಳೆಯ ಚೂರು ದಾಟಿ ಬಾಗಿಲ ಕಡೆ ಹೆಜ್ಜೆಯಿಟ್ಟಳು. “ಬರ್ಸಿ ಅರ್ಜಿ. ಮಗಳು ಅನ್ನ ಹಾಕ್ಲಿಲ್ಲ ಅಂತ ಬರ್ಸಿ. ನಮ್ಮವ್ವ ಹೆಬ್ಬೆಟ್ಟು ಒತ್ತಿದ್ರೆ ನಾನೇ ಸುತ್ತಿಗೆ ಇಳಿಸ್ತೀನಿ.”

ಅವಳು ಬರಿಗಾಲಲ್ಲಿ ಗೇಟಿನವರೆಗೆ ನಡೆದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಯಾರೂ ಹಿಂದೆ ಬರಲಿಲ್ಲ. ಕಡೂರು ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಸೋಪು, ರಕ್ತ ತೊಳೆದು ಸಿದ್ದೇಶನಿಗೆ ಫೋನ್ ಮಾಡಿದಳು. “ಮುಂದಿನ್ ಭಾನ್ವಾರ ನಿಮ್ಮವ್ವನ್ನ ಕರ್ಕೊಂಡ್ ಮನೆಗ್ ಬಾ. ಬಾಗ್ಲು ತೆಗೀತಾರೋ ಇಲ್ವೋ ಗೊತ್ತಿಲ್ಲ. ಅಷ್ಟೊತ್ತಿಗೆ ಕೆಲ್ಸ ಇರ್ತದೋ ಇಲ್ವೋ ಅದೂ ಗೊತ್ತಿಲ್ಲ.”

“ಬತ್ತೀನಿ” ಎಂದ ಅವನು. ಆಮೇಲೆ, “ಕೈ ಹೆಂಗೈತೆ?” ಎಂದ. ಅವಳು ಕೈಯ ಮಾತು ಎತ್ತಿರಲೇ ಇಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಅತ್ತಳು.

ಸೋಮವಾರ ಬೆಳಿಗ್ಗೆ ಅವಳು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಹಾಜರಿಗೆ ಹೋದಳು. ಸುತ್ತಿಗೆ ಬೀಸಿದಾಗಲೆಲ್ಲ ಬಟ್ಟೆ ಒದ್ದೆಯಾಗುತ್ತಿತ್ತು. ಕ್ಲಿಪ್ಪು ಬಡಿಯುವಾಗ ಒಂದೇ ಯೋಚನೆ. ಅವ್ವ ಒತ್ತುತ್ತಾಳೆ. ಮಗನ ಜೀವದ ಮುಂದೆ ನನ್ನದು ಯಾವತ್ತು ಹೆಚ್ಚಾಗಿತ್ತು? ಒತ್ತೇ ಒತ್ತುತ್ತಾಳೆ.

ಸಂಜೆ ಐದೂವರೆಗೆ ಕ್ವಾರ್ಟರ್ಸಿನ ಬಾಗಿಲು ತೆರೆದೇ ಇತ್ತು. ಸ್ಟೂಲಿನ ಮೇಲೆ ಕಡೂರಿನಿಂದ ಬಂದ, ಟೈಪು ಮಾಡಿದ ಕಾಗದ. ಪಕ್ಕದಲ್ಲಿ ಮುಚ್ಚಳ ತೆಗೆದ ಮಸಿಯ ಪ್ಯಾಡು. ವಿಜಯ್ ಗೋಡೆಗೆ ಮುಖ ಮಾಡಿ ಕೂತಿದ್ದ. ಭುಜ ಅಲುಗುತ್ತಿತ್ತು. ಓಬಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಎಡಗೈ ಹೆಬ್ಬೆರಳು ನೀಲಿಯಾಗಿತ್ತು.

ಹೇಮಶ್ರೀ ಹೊಸ್ತಿಲ ಮೇಲೆ ಕೂತಳು. ಕೈ ಚಾಚಿ ಕಾಗದ ಎಳೆದುಕೊಂಡಳು. ಮೇಲಿನಿಂದ ಕೆಳಗಿನವರೆಗೆ ಓದಿದಳು. ನನ್ನ ಮಗಳು ನನ್ನನ್ನು ಸಾಕುತ್ತಿಲ್ಲ ಎಂದು ಒಳ್ಳೆಯ ಕನ್ನಡದಲ್ಲಿ ಬರೆದಿತ್ತು. ಕೆಳಗೆ ಹೆಬ್ಬೆಟ್ಟಿನ ಜಾಗ ಖಾಲಿಯಿತ್ತು.

“ಬೆಳಿಗ್ಗೆಯಿಂದ ಮೂರ್ ಸಲ ಮಸಿ ಹಚ್ಕಂಡೆ ಕಣೇ” ಎಂದಳು ಓಬಮ್ಮ. “ನನ್ ಮಗನೂ ಮಗನೇ. ನೋಡು ಹೆಂಗ್ ಅಳ್ತಾವ್ನೆ. ಒತ್ತಾಣ ಅಂತಲೇ ಕೂತೆ. ಒತ್ತಕ್ಕಾಗ್ಲಿಲ್ಲ.”

ಅಷ್ಟರಲ್ಲಿ ಶಿವಮೊಗ್ಗದ ಗಾಡಿ ಬೀರೂರು ಸ್ಟೇಷನ್ನಿಗೆ ಬಂದು ನಿಂತ ಸದ್ದು ಕೇಳಿಸಿತು. ಓಬಮ್ಮ ಮೊಣಕಾಲೂರಿ ತೆವಳಿಕೊಂಡು ಹೊಸ್ತಿಲ ಹತ್ತಿರ ಬಂದಳು.

“ತೋರ್ಸು” ಎಂದಳು.

ಹೇಮಶ್ರೀ ಕೂಡಲೇ ತೋರಿಸಲಿಲ್ಲ. ಸ್ವಲ್ಪ ಹೊತ್ತು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಚಾಚಿದಳು. ಓಬಮ್ಮ ಬಟ್ಟೆ ಬಿಚ್ಚಿದಳು. ಗಾಯ ನೋಡಿದಳು. ಉಬ್ಬಿದ ಮೂಳೆ, ದಪ್ಪ ಗೆಣ್ಣು, ದಡ್ಡುಗಟ್ಟಿದ ಅಂಗೈ, ಒಂದೊಂದನ್ನೂ ಬೆರಳಾಡಿಸಿ ನೋಡಿದಳು. ನೀಲಿ ಮಸಿ ಮಗಳ ಅಂಗೈಗೆಲ್ಲ ಹತ್ತಿತು.

“ಇದ್ಯಾವಾಗ ಹಿಂಗಾಯ್ತೇ?”

“ನೀವು ಉಣ್ತಾ ಇದ್ರಲ್ಲವ್ವ, ಆಗ” ಎಂದಳು ಹೇಮಶ್ರೀ.